ಯುದ್ಧ ನಿರಾಶ್ರಿತರಿಗೆ ಸರ್ಕಾರ ಕಟ್ಟಿಕೊಡುವ ದಿಢೀರ್ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಕಡೆಯ ವೈದ್ಯಕೀಯ ವಿದ್ಯಾರ್ಥಿಗಳು 2022ರಲ್ಲಿ ಊರಿಗೆ ಮರಳಿದ ಮೇಲೆ, ಆ ದೇಶದವರೇ ಎಲ್ಲಿ ಹೋಗಿ ನೆಲೆಸಿದ್ದಾರೆ ಎಂಬ ಪ್ರಶ್ನೆ ಉಡುಪಿ, ಮಂಗಳೂರಿನ ಮಾತುಕತೆಗಳಲ್ಲಿ ಆಗಾಗ ಬರತೊಡಗಿತು. ಮನೆ ಕಟ್ಟಿಸುವ ಎಂಜಿನಿಯರ್ ಕೆಲಸದಲ್ಲಿರುವ ನನಗೆ ಪತ್ರಗಳಲ್ಲಿ ಬಂದ, ಸಭೆಗಳ ನಂತರ ಎದುರು ನಿಂತು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

## ಮೊದಲ ಪ್ರಶ್ನೆಗಳು

ದಿಢೀರ್ ಮನೆ ಅಂದರೆ ಎಂಥದು? ನೆರೆ ಬಂದಾಗ ಹಾಕುವ ತಗಡಿನ ಶೆಡ್ಡೇ ಅಲ್ವಾ?

ಶೆಡ್ಡು ಅದರಲ್ಲಿ ಒಂದು ಬಗೆ ಮಾತ್ರ. ಕೆಲವು ತಿಂಗಳು ಆಸರೆ ಪಡೆಯಲು ಟೆಂಟ್ ಅಥವಾ ಶೆಡ್ಡು, ಕೆಲವು ವರ್ಷ ಕಳೆಯಲು ಕಂಟೈನರ್ ಮಾದರಿಯ ಕೋಣೆ, ಹತ್ತಾರು ವರ್ಷ ಬಾಳಲು ಕಾರ್ಖಾನೆಯಲ್ಲಿ ಭಾಗಭಾಗವಾಗಿ ತಯಾರಾಗಿ ನಿವೇಶನದಲ್ಲಿ ಜೋಡಣೆಯಾಗುವ ಮನೆ ಎಂದು ಮೂರು ಹಂತಗಳಲ್ಲಿ ಇದನ್ನು ನೋಡಬೇಕು. ಸರ್ಕಾರಗಳು ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಗಡಿ ದಾಟಿ ಬಂದವರಷ್ಟೇ ಕಾನೂನಿನ ಅರ್ಥದಲ್ಲಿ ನಿರಾಶ್ರಿತರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ 12.3 ಕೋಟಿಗೂ ಹೆಚ್ಚು ಜನ ಬಲವಂತವಾಗಿ ನೆಲೆ ಕಳೆದುಕೊಂಡಿದ್ದರು, ಅವರಲ್ಲಿ 7.3 ಕೋಟಿಗೂ ಹೆಚ್ಚು ಮಂದಿ ತಮ್ಮ ದೇಶದೊಳಗೇ ದಿಕ್ಕೆಟ್ಟವರು. ಉಕ್ರೇನಿನ ಲ್ವಿವ್ ನಗರದಲ್ಲಿ ಪೋಲೆಂಡಿನ ನೆರವಿನಿಂದ 2022ರಲ್ಲೇ ಎದ್ದ ಕಂಟೈನರ್ ಬಡಾವಣೆಗಳು ಇಂಥ ಒಳನಾಡಿನ ಸಂತ್ರಸ್ತರಿಗಾಗಿ ಮಾಡಿದವು.

ಟೆಂಟ್ ಹೊಡೆದರೆ ಸಾಕಾಗುವುದಿಲ್ವಾ? ಹೇಗೂ ಯುದ್ಧ ಮುಗಿದ ಮೇಲೆ ಹೋಗ್ತಾರಲ್ಲ?

ಹೋಗುತ್ತಾರೆ ಎಂಬ ನಂಬಿಕೆಯಿಂದಲೇ ಎಲ್ಲ ಕಡೆ ಟೆಂಟಿನಿಂದ ಆರಂಭವಾಗುತ್ತದೆ. ಸಿರಿಯಾದ ಯುದ್ಧದಿಂದ ಓಡಿಬಂದವರಿಗಾಗಿ ಜೋರ್ಡಾನ್ 2012ರ ಜುಲೈಯಲ್ಲಿ ತೆರೆದ ಜಾತರಿ ಶಿಬಿರದಲ್ಲೂ ಮೊದಲು ಇದ್ದದ್ದು ಟೆಂಟುಗಳೇ. ಮರುಭೂಮಿ ಎಂದು ನಾವು ಅಂದುಕೊಳ್ಳುವ ಆ ಜಾಗದಲ್ಲಿ 2013ರ ಜನವರಿಯ ಮಳೆಗೆ ನೀರು ನಿಂತು ಟೆಂಟುಗಳು ಕೆಸರಲ್ಲಿ ಕುಸಿದವು. ನಂತರ ಹಂತಹಂತವಾಗಿ ಅವುಗಳ ಜಾಗಕ್ಕೆ ಸಿದ್ಧ ಕೋಣೆಗಳು ಬಂದವು.

ಬಟ್ಟೆಯ ಟೆಂಟಿಗೆ ಬಿಸಿಲು, ಗಾಳಿಯಲ್ಲಿ ಸುಮಾರು ಒಂದು ವರ್ಷದ ಆಯುಸ್ಸು. ಅದಕ್ಕಿಂತ ಮುಖ್ಯವಾದ ಕೊರತೆ, ಟೆಂಟಿಗೆ ಬೀಗ ಹಾಕಲು ಬರುವುದಿಲ್ಲ ಎಂಬುದು. ಹೆಣ್ಣುಮಕ್ಕಳಿರುವ ಕುಟುಂಬಕ್ಕೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ಎಷ್ಟು ದೊಡ್ಡದು ಎಂಬುದನ್ನು ಬಜೆಟ್ ಬರೆಯುವವರು ಮರೆಯುತ್ತಾರೆ.

ಕಂಟೈನರ್ ಮನೆ ಅಂದರೆ ಪಣಂಬೂರಿನ ಬಂದರಿನಲ್ಲಿ ರಾಶಿ ಹಾಕಿರುವ ಕಂಟೈನರುಗಳೇನಾ?

ಸಾಮಾನ್ಯವಾಗಿ ಅಲ್ಲ. ಹಡಗಿನ ಕಂಟೈನರಿನ ಅಗಲ 8 ಅಡಿ ಮಾತ್ರ. ಒಳಗೆ ಶಾಖ ತಡೆಯುವ ಪದರ ಹಾಕಿದರೆ ಮಂಚ ಹಾಕಿ ಓಡಾಡಲು ಜಾಗ ಉಳಿಯುವುದಿಲ್ಲ. ನಿರಾಶ್ರಿತರಿಗೆ ಬಳಸುವುದು ಎರಡು ತಗಡಿನ ಹಾಳೆಗಳ ನಡುವೆ ಫೋಮ್ ತುಂಬಿದ ಫಲಕಗಳಿಂದ ಮಾಡಿದ ಕೋಣೆ. ನಮ್ಮಲ್ಲಿ ಹೆದ್ದಾರಿ ಕಾಮಗಾರಿಯ ಸೈಟ್ ಆಫೀಸುಗಳಿಗೆ ಇಡುವುದು ಇದನ್ನೇ. ಟರ್ಕಿಯ ಸರ್ಕಾರ ಸಿರಿಯಾದ ಗಡಿಯ ಕಿಲಿಸ್ ಬಳಿ ಇಂಥ ಕೋಣೆಗಳದೇ ಊರನ್ನು ನಿರ್ಮಿಸಿತು; ಒಂದೊಂದು ಕೋಣೆ ಸುಮಾರು 20 ಚದರ ಮೀಟರ್.

ಒಬ್ಬ ಮನುಷ್ಯನಿಗೆ ಇಷ್ಟು ಜಾಗ ಅಂತ ಲೆಕ್ಕ ಉಂಟಾ?

ಉಂಟು. ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡದಂತೆ ಸೂರಿನಡಿ ತಲೆಗೆ ಕನಿಷ್ಠ 3.5 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಎರಡು ಮಂಚದ ಜಾಗ. ದಿನಕ್ಕೆ 15 ಲೀಟರ್ ನೀರು. 20 ಜನರಿಗೆ ಒಂದು ಶೌಚಾಲಯ. ಇದಕ್ಕಿಂತ ಕಡಿಮೆ ಕೊಡಬಾರದು ಎಂಬುದಷ್ಟೇ ಇದರ ಅರ್ಥ. ಇಷ್ಟು ಕೊಟ್ಟರೆ ಕರ್ತವ್ಯ ಮುಗಿಯಿತು ಎಂದಲ್ಲ.

## ನಮ್ಮ ದೇಶ, ನಮ್ಮ ಜಿಲ್ಲೆ

ಹೀಗೆ ಫ್ಯಾಕ್ಟರಿಯಲ್ಲಿ ಮನೆ ಮಾಡಿ ಕೊಟ್ಟದ್ದು ಭಾರತದಲ್ಲಿ ಉಂಟಾ?

ಪ್ರಯತ್ನ ನಡೆದದ್ದುಂಟು. ಹೆಚ್ಚಿನವರಿಗೆ ಗೊತ್ತಿಲ್ಲದ ಆ ಕಥೆಗೆ ಕರ್ನಾಟಕದ ನಂಟೂ ಇದೆ. ವಿಭಜನೆಯ ನಂತರ ಪಶ್ಚಿಮ ಪಾಕಿಸ್ತಾನದಿಂದ ಬಂದವರಿಗೆ ಮನೆ ಒದಗಿಸಲು ಕೇಂದ್ರ ಸರ್ಕಾರ 1948ರಲ್ಲಿ ದೆಹಲಿಯಲ್ಲಿ ಮನೆ ಕಾರ್ಖಾನೆಯೊಂದಕ್ಕೆ ಕೈಹಾಕಿತು. ಅದರ ಹಿಂದಿದ್ದವರು ಓಟೊ ಕೋನಿಗ್ಸ್‌ಬರ್ಗರ್. ನಾಜಿಗಳ ಜರ್ಮನಿಯನ್ನು ಬಿಟ್ಟು ಬಂದ ಈ ಯಹೂದಿ ವಾಸ್ತುಶಿಲ್ಪಿ 1939ರಿಂದ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದ್ದರು. ಸ್ವತಃ ನಿರಾಶ್ರಿತರಾಗಿದ್ದವರೇ ಸ್ವತಂತ್ರ ಭಾರತದ ವಸತಿ ನಿರ್ದೇಶಕರಾಗಿ ನಿರಾಶ್ರಿತರ ಮನೆಯ ಹೊಣೆ ಹೊತ್ತರು. ಹಗುರವಾದ ಫೋಮ್ ಕಾಂಕ್ರೀಟಿನ ಗೋಡೆ ಫಲಕಗಳನ್ನು ಎರಕ ಹೊಯ್ದು, ಸಾಗಿಸಿ, ಜೋಡಿಸುವುದು ಯೋಜನೆ. ಆದರೆ ಫಲಕಗಳು ಬಿರುಕು ಬಿಟ್ಟವು, ಲೆಕ್ಕದಷ್ಟು ಮನೆಗಳು ಏಳಲಿಲ್ಲ, ಟೀಕೆಗಳು ಬಿರುಸಾದವು. 1951ರಲ್ಲಿ ಕೋನಿಗ್ಸ್‌ಬರ್ಗರ್ ಲಂಡನ್ನಿಗೆ ಹೋದರು. ಆ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಸಂಸ್ಥೆಯಾಯಿತು.

ಅದೇ ವರ್ಷಗಳಲ್ಲಿ ದೆಹಲಿಯ ಹೊರಗೆ ಫರೀದಾಬಾದಿನಲ್ಲಿ ಬೇರೆ ದಾರಿ ತೆರೆಯಿತು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕಟ್ಟಿದ ಭಾರತೀಯ ಸಹಕಾರ ಒಕ್ಕೂಟದ ಒತ್ತಾಸೆಯಿಂದ, ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರು ಸಹಕಾರಿ ತಂಡಗಳಾಗಿ ಸೇರಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಕಂಟ್ರಾಕ್ಟುದಾರರ ಪಾಲಾಗುತ್ತಿದ್ದ ಹಣ ಅವರ ಕೈಗೆ ಕೂಲಿಯಾಗಿ ಬಂತು. ಆಧುನಿಕ ಯಂತ್ರವಿದ್ದ ಕಡೆ ಸೋತು, ಇಟ್ಟಿಗೆ ಗಾರೆಯ ಕಡೆ ಗೆದ್ದದ್ದನ್ನು ನೋಡಿ ಕಾರ್ಖಾನೆಯ ಮನೆಯೇ ತಪ್ಪು ಎನ್ನುವಂತಿಲ್ಲ. ಪರೀಕ್ಷೆಗೆ ಒಳಪಡದ ತಂತ್ರವನ್ನು ತುರ್ತಿನ ವೇಳೆಯಲ್ಲಿ ಮೊದಲ ಬಾರಿಗೆ ಪ್ರಯೋಗಿಸಬಾರದು ಎಂಬುದು ನಾನು ಇದರಿಂದ ತೆಗೆದುಕೊಳ್ಳುವ ಮಾತು.

ಸುಳ್ಯದ ರಬ್ಬರ್ ತೋಟದಲ್ಲಿರುವ ಸಿಲೋನ್ ತಮಿಳರು ಯುದ್ಧ ನಿರಾಶ್ರಿತರೇ ಅಲ್ವಾ?

ಅಲ್ಲ, ಈ ತಪ್ಪು ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಸಾಮಾನ್ಯ. ಬ್ರಿಟಿಷರ ಕಾಲದಲ್ಲಿ ಸಿಲೋನಿನ ಚಹಾ ತೋಟಗಳಿಗೆ ಹೋಗಿದ್ದ ಕೂಲಿಕಾರರ ವಂಶದವರಿವರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಮಂದಿಯನ್ನು ಭಾರತ ಮರಳಿ ಸ್ವೀಕರಿಸುವುದೆಂದು ನಿಶ್ಚಯವಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಭಾಗದಲ್ಲಿ ಸರ್ಕಾರವೇ ರಬ್ಬರ್ ತೋಟ ಎಬ್ಬಿಸಿ ಕೆಲಸವನ್ನೂ ಕ್ವಾರ್ಟರ್ಸನ್ನೂ ಕೊಟ್ಟಿತು. ಯುದ್ಧದಿಂದ ಓಡಿಬಂದವರು 1983ರ ನಂತರ ತಮಿಳುನಾಡಿಗೆ ಬಂದ ಬೇರೆಯೇ ಅಲೆ.

ಆದರೂ ಈ ಪುಟದ ವಿಷಯಕ್ಕೆ ಸುಳ್ಯದ ಉದಾಹರಣೆ ಅನ್ವಯಿಸುತ್ತದೆ. ಕೆಲಸ ಮತ್ತು ಮನೆ ಒಟ್ಟಿಗೆ ಸಿಕ್ಕಿದ್ದರಿಂದ ಬಂದವರು ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ. ಹಾಗೆಯೇ, ಮನೆ ಕೆಲಸಕ್ಕೆ ಅಂಟಿಕೊಂಡದ್ದರಿಂದ ನಿವೃತ್ತಿಯಾದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಮುಂದಿನ ತಲೆಮಾರಿಗೆ ಉಳಿಯಿತು.

ಹಾಗಾದರೆ ತಮಿಳುನಾಡಿನ ಕ್ಯಾಂಪುಗಳಲ್ಲಿ ನಲವತ್ತು ವರ್ಷ ಶೆಡ್ಡಿನಲ್ಲೇ ಇದ್ದರಾ?

ಹಲವರು ಹಾಗೆಯೇ ಇದ್ದರು. ತಾತ್ಕಾಲಿಕವೆಂದು ಕಟ್ಟಿದ ಸಣ್ಣ ಕೋಣೆಗಳಲ್ಲಿ ಮೊಮ್ಮಕ್ಕಳು ಹುಟ್ಟಿದರು. 2021ರಲ್ಲಿ ತಮಿಳುನಾಡು ಸರ್ಕಾರ ಶಿಬಿರಗಳ ಹೆಸರನ್ನು ಪುನರ್ವಸತಿ ಶಿಬಿರ ಎಂದು ಬದಲಿಸಿ, ಜೀರ್ಣವಾದ 7,469 ಮನೆಗಳನ್ನು ಮರುಕಟ್ಟುವುದಾಗಿ ಘೋಷಿಸಿತು. ಮೊದಲ ಹಂತದ 3,510 ಮನೆಗಳಿಗೆ ಆಗ ಇಟ್ಟ ಅಂದಾಜು ಸುಮಾರು 109 ಕೋಟಿ ರೂಪಾಯಿ, ಅಂದರೆ ಮನೆಯೊಂದಕ್ಕೆ 3 ಲಕ್ಷದ ಆಸುಪಾಸು. ಈ ಕೆಲಸ 1990ರಲ್ಲೇ ಆಗಿದ್ದರೆ, ನಡುವೆ ವರ್ಷ ವರ್ಷವೂ ಮಾಡಿದ ರಿಪೇರಿಯ ಖರ್ಚು ಉಳಿಯುತ್ತಿತ್ತು.

ನಾಳೆ ನಮ್ಮ ಜಿಲ್ಲೆಗೇ ಸಾವಿರ ಕುಟುಂಬ ಬಂದರೆ ಡೀಸಿಯವರು ಎಲ್ಲಿ ಮನೆ ಕಟ್ಟಿಸ್ತಾರೆ?

ಮೊದಲ ವಾರಗಳ ಉತ್ತರ ಸುಲಭ. ಮಳೆಗಾಲದಲ್ಲಿ ತೆರೆಯುವಂತೆ ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ಕಾಳಜಿ ಕೇಂದ್ರ ತೆರೆಯುತ್ತಾರೆ. ಶಾಲೆ ಮತ್ತೆ ಆರಂಭವಾಗಬೇಕಾದ ದಿನ ತೊಡಕು ಶುರುವಾಗುತ್ತದೆ.

ಇಂಥ ನಿರ್ಧಾರ ಜಿಲ್ಲೆಯದೂ ಅಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಯಾರನ್ನು ಹೇಗೆ ಇರಿಸಿಕೊಳ್ಳಬೇಕೆಂಬುದನ್ನು ಕೇಂದ್ರ ಗೃಹ ಸಚಿವಾಲಯ ತೀರ್ಮಾನಿಸುತ್ತದೆ. ಅದು ಒಪ್ಪಿದ ಮೇಲೂ ಜಾಗ ಬೇಕಲ್ಲ. ಕರಾವಳಿಯಲ್ಲಿ ಸರ್ಕಾರಿ ಜಾಗ ಎಂದು ನಕ್ಷೆಯಲ್ಲಿ ಕಾಣುವುದರಲ್ಲಿ ಒಂದು ಭಾಗ ಕಡಲತೀರದ ಕಟ್ಟಡಗಳನ್ನು ನಿಯಂತ್ರಿಸುವ ಸಿಆರ್‌ಝಡ್ ಗೆರೆಯೊಳಗೆ, ಒಂದು ಭಾಗ ಅರಣ್ಯವೆಂದೇ ಪರಿಗಣಿಸಿದ ಡೀಮ್ಡ್ ಫಾರೆಸ್ಟ್, ಇನ್ನೊಂದು ಭಾಗ ಕುಮ್ಕಿ, ಅಂದರೆ ಖಾಸಗಿ ಕೃಷಿ ಜಮೀನಾದ ವರ್ಗ ಜಾಗಕ್ಕೆ ಹೊಂದಿಕೊಂಡು, ಅದರ ಒಡೆಯರು ಬಳಸಿಕೊಂಡು ಬಂದ ಸರ್ಕಾರಿ ನೆಲ. ಕುಮ್ಕಿಯನ್ನು ಮುಟ್ಟಿದರೆ ಮರುದಿನವೇ ಕೋರ್ಟು. ಉಳಿಯುವುದು ಗುಡ್ಡೆಯ ಇಳಿಜಾರು. ಮನೆ ಕಾರ್ಖಾನೆಯಲ್ಲಿ ಸಿದ್ಧವಾಗಿ ಲಾರಿಯಲ್ಲಿ ಬಂದರೂ ಆ ಲಾರಿ ತಿರುಗಲು ರಸ್ತೆ ಬೇಕು.

ಜಾಗ ಸಿಗದೇ ಹೋದರೆ ಜನ ಸಿಕ್ಕಲ್ಲಿ ಸೇರಿಕೊಳ್ಳುತ್ತಾರೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದಾಗ, ಕಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಒಳಚರಂಡಿಗೆಂದು ತಂದಿಟ್ಟಿದ್ದ ಕಾಂಕ್ರೀಟು ಕೊಳವೆಗಳೊಳಗೆ ಕುಟುಂಬಗಳು ಸಂಸಾರ ಹೂಡಿದ್ದವು.

## ಹಣ ಮತ್ತು ಕಾಲ

ನನ್ನ ಅಕ್ಕ ಐರ್ಲೆಂಡಿನಲ್ಲಿ ನರ್ಸ್. ಉಕ್ರೇನಿನವರಿಗೆ ಕಟ್ಟಿದ ರೆಡಿಮೇಡ್ ಮನೆಗೆ ಡಬಲ್ ಖರ್ಚಾಯಿತು ಅಂತಾಳೆ. ರೆಡಿಮೇಡ್ ಅಂದರೆ ಕಡಿಮೆ ಆಗಬೇಕಲ್ವಾ?

ನಿಮ್ಮ ಅಕ್ಕ ಹೇಳಿದ್ದು ನಿಜ. ಉಕ್ರೇನಿನ ಯುದ್ಧದ ನಂತರ ಐರ್ಲೆಂಡ್ ಸರ್ಕಾರ 2022ರಲ್ಲಿ ಸುಮಾರು 700 ದಿಢೀರ್ ಮನೆಗಳ ಯೋಜನೆ ಕೈಗೊಂಡಿತು. 60 ವರ್ಷ ಬಾಳುವಂತೆ ರೂಪಿಸಿದ ಈ ಮನೆಗಳು ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬಂದವು; ಮೊದಲನೆಯವು ಕಾರ್ಕ್ ನಗರದ ಮಹೋನಿನಲ್ಲಿ 2023ರಲ್ಲಿ ಸಿದ್ಧವಾದವು. ಆರಂಭದ ಅಂದಾಜು ಮನೆಗೆ 2 ಲಕ್ಷ ಯೂರೋ. 2024ರಲ್ಲಿ ಅಲ್ಲಿನ ಮಹಾಲೇಖಪಾಲರು ಲೆಕ್ಕ ಪರಿಶೀಲಿಸಿದಾಗ ಸರಾಸರಿ ವೆಚ್ಚ 4 ಲಕ್ಷ ಯೂರೋವನ್ನು ದಾಟಿತ್ತು.

ಇದಕ್ಕೆ ಕಾರಣ ಹುಡುಕಲು ಐರ್ಲೆಂಡಿಗೆ ಹೋಗಬೇಕಾಗಿಲ್ಲ. ಮಣಿಪಾಲದ ಬದಿಯ ಗುಡ್ಡೆಯ ಓರೆಯಲ್ಲಿ ಐದು ಸೆಂಟ್ಸ್ ಜಾಗ ತೆಗೆದುಕೊಂಡ ಯಾರನ್ನು ಬೇಕಾದರೂ ಕೇಳಿ: ಮನೆಯ ಎಸ್ಟಿಮೇಟು ಕೈಯಲ್ಲಿ ಹಿಡಿದು ಹೊರಟವರಿಗೆ ಮಣ್ಣು ಸಮತಟ್ಟು ಮಾಡುವುದು, ಕೆಂಪುಕಲ್ಲಿನ ತಡೆಗೋಡೆ, ಬೋರ್‌ವೆಲ್, ಮೆಸ್ಕಾಂ ಕಂಬ, ಪಾಗಾರ ಎಂದು ಎಸ್ಟಿಮೇಟಿನ ಹೊರಗಿನ ಖರ್ಚೇ ಮೊದಲು ಎದುರಾಗುತ್ತದೆ. ಸರ್ಕಾರಗಳೂ ಇದೇ ಬಲೆಗೆ ಬೀಳುತ್ತವೆ. ಕಾರ್ಖಾನೆ ಕಡಿಮೆ ಮಾಡಬಲ್ಲದ್ದು ಗೋಡೆ, ಮಾಡಿನ ಸಮಯವನ್ನು. ನೆಲ, ನೀರು, ಒಳಚರಂಡಿ, ರಸ್ತೆಯ ಕೆಲಸ ಮೊದಲಿದ್ದಷ್ಟೇ ಇರುತ್ತದೆ. ಅವಸರದಲ್ಲಿ ಆಯ್ದ ನಿವೇಶನ ಹಲವು ಸಲ ಬೇರೆ ಯಾರಿಗೂ ಬೇಡವಾಗಿ ಉಳಿದದ್ದಾದ್ದರಿಂದ ಆ ಖರ್ಚು ಇನ್ನೂ ಹೆಚ್ಚುತ್ತದೆ. ಯುದ್ಧದ ವರ್ಷದಲ್ಲಿ ಉಕ್ಕು, ಮರದ ಬೆಲೆ ಏರಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹೀಗಾಗಿ ದಿಢೀರ್ ಮನೆಯನ್ನು ಅಗ್ಗದ ಮನೆ ಎಂದು ಜನರಿಗೆ ಹೇಳಿ ಒಪ್ಪಿಸುವುದೇ ಮೊದಲ ತಪ್ಪು. ಬೇಗ ಸಿಗುತ್ತದೆ ಎಂಬುದಷ್ಟೇ ಅದರ ಗುಣ, ಅದೂ ನಿವೇಶನ ಮೊದಲೇ ಸಿದ್ಧವಿದ್ದರೆ.

ತಾತ್ಕಾಲಿಕ ಅಂತ ಕಟ್ಟಿದ್ದು ಕೊನೆಗೆ ಶಾಶ್ವತ ಆಗುವುದೇ ಹೆಚ್ಚಲ್ವಾ?

ಹೌದು. ಎರಡನೆಯ ಮಹಾಯುದ್ಧದ ಬಾಂಬಿಗೆ ಮನೆ ಕಳೆದುಕೊಂಡವರಿಗಾಗಿ ಬ್ರಿಟನ್ 1944ರ ಕಾಯ್ದೆಯಡಿ 1,56,000ಕ್ಕೂ ಹೆಚ್ಚು ಸಿದ್ಧ ಮನೆಗಳನ್ನು ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು. ಯುದ್ಧ ವಿಮಾನಗಳ ಕಾರ್ಖಾನೆಗಳಲ್ಲಿ ತಯಾರಾದ ಅಲ್ಯೂಮಿನಿಯಂ ಮನೆಗಳು ನಾಲ್ಕು ತುಂಡುಗಳಾಗಿ ಲಾರಿಯಲ್ಲಿ ಬರುತ್ತಿದ್ದವು. ಒಳಗೆ ಬಚ್ಚಲು, ಫ್ರಿಜ್ ಎಲ್ಲವೂ ಇತ್ತು. ನಿಗದಿಯಾದ ಆಯುಸ್ಸು 10 ವರ್ಷ. ಆದರೆ ಲಂಡನ್ನಿನ ಕ್ಯಾಟ್‌ಫರ್ಡಿನಲ್ಲಿ ಇಂಥ ಮನೆಗಳ ಬಡಾವಣೆ ಇಪ್ಪತ್ತೊಂದನೆಯ ಶತಮಾನಕ್ಕೂ ಉಳಿದು, 2009ರಲ್ಲಿ ಅವುಗಳಲ್ಲಿ ಆರು ಮನೆಗಳು ಸಂರಕ್ಷಿತ ಪಟ್ಟಿಗೆ ಸೇರಿದವು. ಕೆಡವಬೇಡಿ ಎಂದು ಹಟ ಹಿಡಿದವರಲ್ಲಿ ಅಲ್ಲಿನ ನಿವಾಸಿಗಳೂ ಇದ್ದರು.

2015ರಲ್ಲಿ ನಿರಾಶ್ರಿತರ ದೊಡ್ಡ ಅಲೆ ಬಂದಾಗ ಬರ್ಲಿನ್ ನಗರ ಎರಡನ್ನೂ ಮಾಡಿತು: ಮೂರು ವರ್ಷಕ್ಕೆಂದು ಕಂಟೈನರ್ ವಠಾರಗಳು, ಜೊತೆಗೆ ಮುಂದೆ ವಿದ್ಯಾರ್ಥಿಗಳಿಗೂ ಕಡಿಮೆ ಆದಾಯದವರಿಗೂ ಉಪಯೋಗವಾಗುವಂತೆ ಕಾಂಕ್ರೀಟಿನ ಸಿದ್ಧಭಾಗಗಳ ಬಹುಮಹಡಿ ಕಟ್ಟಡಗಳು. ಎರಡನೆಯದು ನಿಧಾನ, ಆದರೆ ಹಣ ಅಲ್ಲಿ ಉಳಿಯುತ್ತದೆ. ಆಯ್ಕೆ ನನ್ನದಾಗಿದ್ದರೆ ಕಂಟೈನರನ್ನು ಬಾಡಿಗೆಗೆ ತಂದು, ಗಟ್ಟಿ ಮನೆಯನ್ನು ಸ್ವಂತಕ್ಕೆ ಕಟ್ಟಿಸುತ್ತಿದ್ದೆ.

ನಮ್ಮವರಿಗೇ ಮನೆಯಿಲ್ಲ, ಹೊರಗಿನವರಿಗೆ ಯಾಕೆ ಕೊಡಬೇಕು?

ಈ ಪ್ರಶ್ನೆಯನ್ನು ಕೇಳುವವರನ್ನು ಕಲ್ಲುಹೃದಯದವರೆಂದು ತಳ್ಳಿಹಾಕುವುದು ಸರಿಯಲ್ಲ. ಆಶ್ರಯ ಯೋಜನೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾದವರ ಕಣ್ಣಮುಂದೆಯೇ ಬೇರೆಯವರಿಗೆ ಮೂರು ತಿಂಗಳಲ್ಲಿ ಮನೆ ಎದ್ದರೆ ಹೊಟ್ಟೆ ಉರಿಯುವುದು ಸಹಜ, ಮತ್ತು ಐರ್ಲೆಂಡಿನಲ್ಲೂ ಜರ್ಮನಿಯಲ್ಲೂ ಇದೇ ಮಾತು ಬೀದಿಗೆ ಬಂದಿದೆ. ಒಂದೇ ಬಡಾವಣೆಯಲ್ಲಿ ಇಷ್ಟು ಪಾಲು ಸ್ಥಳೀಯರಿಗೆ ಎಂದು ಮೊದಲ ಆದೇಶದಲ್ಲೇ ಬರೆದಿಡುವುದು, ಅಲ್ಲಿ ಹಾಕಿದ ನೀರಿನ ಪೈಪು, ರಸ್ತೆ ಪಕ್ಕದ ಓಣಿಗೂ ತಲುಪುವಂತೆ ಮಾಡುವುದು ಇದಕ್ಕೆ ಕಂಡುಬಂದ ಪರಿಹಾರ. ಬುದ್ಧಿಮಾತಿನಿಂದ ಅಸಮಾಧಾನ ಇಳಿಯುವುದಿಲ್ಲ, ನಳ್ಳಿಯಲ್ಲಿ ನೀರು ಬಂದರೆ ಇಳಿಯುತ್ತದೆ.

## ತಾಂತ್ರಿಕ ಹಾಗೂ ಕಾನೂನಿನ ಪ್ರಶ್ನೆಗಳು

ಜೋರ್ಡಾನಿನಲ್ಲಿ ಬಾಳಿದ ಕೋಣೆ ನಮ್ಮ ಆಟಿಯ ಮಳೆಗೆ ನಿಲ್ತದಾ?

ಹಾಗೆಯೇ ತಂದಿಟ್ಟರೆ ನಿಲ್ಲುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಕಂಟೈನರ್ ಕೋಣೆಯ ಮಾಡು ಚಪ್ಪಟೆ. ಎರಡು ಕೋಣೆ ಕೂಡುವ ಗೆರೆಯಲ್ಲಿ ನೀರು ನಿಂತೇ ನಿಲ್ಲುತ್ತದೆ.

ಕಡಲ ಬದಿಯಲ್ಲಿ ಮೊದಲು ಸೋಲುವುದು ತಗಡಿನ ಹಾಳೆಯಲ್ಲ, ಅದನ್ನು ಹಿಡಿದಿಟ್ಟ ಸ್ಕ್ರೂ. ಸ್ಕ್ರೂವಿನ ತಲೆಯಡಿಯ ಕಪ್ಪು ರಬ್ಬರ್ ವಾಷರ್ ಎರಡು ಬೇಸಿಗೆಯ ಬಿಸಿಲಿಗೆ ಗಟ್ಟಿಯಾಗಿ ಸೀಳುತ್ತದೆ, ಸೀಳಿನಲ್ಲಿ ಉಪ್ಪುಗಾಳಿಯ ತೇವ ಕುಳಿತು ತೂತಿನ ಸುತ್ತ ಕಂದು ಉಂಗುರ ಮೂಡುತ್ತದೆ, ಮೂರನೆಯ ಮಳೆಗಾಲಕ್ಕೆ ಅಲ್ಲಿಂದ ಹನಿ. ಮಲ್ಪೆಯ ಕಡೆ ಮೀನುಗಾರರ ಶೆಡ್ಡುಗಳ ಮಾಡನ್ನು ಒಳಗಿನಿಂದ ನೋಡಿದರೆ ನಕ್ಷತ್ರ ಬಿದ್ದಂತೆ ಕಾಣುವ ತೂತುಗಳೆಲ್ಲ ಹೀಗೆ ಆದವು.

ಹಾಗಾಗಿ ಇಲ್ಲಿ ಮಾಡಬೇಕಾದ ಬದಲಾವಣೆಗಳು ಸರಳ. ಕೋಣೆಯ ಮೇಲೆ ಪ್ರತ್ಯೇಕವಾದ ಇಳಿಜಾರು ಮಾಡು, ಸುತ್ತ ಮೂರಡಿಯಷ್ಟು ಹೊರಚಾಚಿ. ಟೆರೇಸಿನ ಮೇಲೆ ಶೀಟು ಹಾಕಿಸುವ ನಮ್ಮೂರ ಅಭ್ಯಾಸವನ್ನೇ ಇಲ್ಲಿಗೂ ತಂದಂತೆ. ಕೆಂಪುಕಲ್ಲಿನ ಪಂಚಾಂಗ ನೆಲದಿಂದ ಒಂದೂವರೆ ಅಡಿ ಮೇಲೆ. ಸ್ಟೀಲ್ ಚೌಕಟ್ಟಿಗೆ ಉತ್ತಮ ಸತುವಿನ ಲೇಪ. ಎಲ್ಲಕ್ಕಿಂತ ಮೊದಲು ನೀರು ಹರಿದುಹೋಗುವ ತೋಡನ್ನು ಗುರುತಿಸಿ ಬಿಟ್ಟು, ನಂತರ ಮನೆಗಳ ಸಾಲು ಎಳೆಯಬೇಕು. ಫೆಬ್ರವರಿಯಲ್ಲಿ ಜಾಗ ನೋಡಿದವರಿಗೆ ತೋಡು ಕಾಣುವುದಿಲ್ಲ. ಊರ ಹಿರಿಯರನ್ನು ಕೇಳಿದರೆ ಎರಡು ನಿಮಿಷದಲ್ಲಿ ತೋರಿಸುತ್ತಾರೆ.

ಫೋಮ್ ತುಂಬಿದ ಗೋಡೆಗೆ ಬೆಂಕಿ ಹತ್ತುವುದಿಲ್ವಾ?

ಹತ್ತಬಹುದು. ಸ್ವೀಡನ್ನಿನಲ್ಲಿ ರೂಪುಗೊಂಡ, 17.5 ಚದರ ಮೀಟರಿನ, ಕೆಲವೇ ಗಂಟೆಗಳಲ್ಲಿ ಜೋಡಿಸಬಹುದಾದ ಬೆಟರ್ ಶೆಲ್ಟರ್ ಎಂಬ ಪ್ಲಾಸ್ಟಿಕ್ ಫಲಕದ ಮನೆಗಳನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರ 2015ರಲ್ಲಿ ತರಿಸಿ, ಬೆಂಕಿ ಪರೀಕ್ಷೆಯ ಫಲಿತಾಂಶ ನೋಡಿ ಕೈಬಿಟ್ಟಿತು. ಸ್ಫಿಯರ್ ಮಾನದಂಡದಲ್ಲಿ ಮನೆ ಮನೆಯ ನಡುವೆ ಕನಿಷ್ಠ 2 ಮೀಟರ್, ಪ್ರತಿ 300 ಮೀಟರಿಗೊಮ್ಮೆ 30 ಮೀಟರ್ ಅಗಲದ ಬಯಲು ಬಿಡಬೇಕೆಂದು ಹೇಳಿದೆ. ಜಾಗ ಸಾಲದು ಎಂದು ಮೊದಲು ಕಬಳಿಕೆಯಾಗುವುದು ಈ ಬಯಲೇ.

ಎಲ್ಲರನ್ನೂ ಒಂದೇ ಕಡೆ ಇಡುವುದು ಒಳ್ಳೆಯದಾ, ಊರೂರಿಗೆ ಹಂಚುವುದಾ?

ಆಡಳಿತಕ್ಕೆ ಒಂದೇ ಕಡೆ ಅನುಕೂಲ, ಬದುಕಿಗೆ ಹಂಚುವುದು. ಜೋರ್ಡಾನಿನ ಅಜ್ರಕ್ ಶಿಬಿರವನ್ನು 2014ರಲ್ಲಿ ತೆರೆದಾಗ ಎಲ್ಲವೂ ಯೋಜನಾಬದ್ಧವಾಗಿತ್ತು, ಗೆರೆ ಎಳೆದಂಥ ಉಕ್ಕಿನ ಕೋಣೆಗಳಿದ್ದವು. ಆದರೆ ಊರಿನಿಂದ ದೂರ, ಕೋಣೆಗಳಿಗೆ ವಿದ್ಯುತ್ ಬಂದದ್ದು 2017ರಲ್ಲಿ, ಅನೇಕ ಕೋಣೆಗಳು ಖಾಲಿ ಬಿದ್ದಿದ್ದವು. ಅಸ್ತವ್ಯಸ್ತವಾಗಿ ಬೆಳೆದ ಜಾತರಿಯಲ್ಲಿ ಜನ ತಮ್ಮ ಕೋಣೆಗಳನ್ನು ಎಳೆದುಕೊಂಡು ಹೋಗಿ ನೆಂಟರ ಪಕ್ಕ ನಿಲ್ಲಿಸಿಕೊಂಡರು, ಮುಖ್ಯ ಬೀದಿಯುದ್ದಕ್ಕೂ ಅಂಗಡಿ ತೆರೆದರು. ಯುರೋಪಿನ ಒಕ್ಕೂಟ ತನ್ನ 2001ರ ತಾತ್ಕಾಲಿಕ ರಕ್ಷಣಾ ನಿಯಮವನ್ನು 2022ರ ಮಾರ್ಚಿನಲ್ಲಿ ಮೊದಲ ಬಾರಿಗೆ ಜಾರಿಗೆ ತಂದು ಉಕ್ರೇನಿಗರಿಗೆ ಕೆಲಸ ಮಾಡುವ, ಶಾಲೆಗೆ ಸೇರುವ ಹಕ್ಕನ್ನು ಕೂಡಲೇ ಕೊಟ್ಟದ್ದರಿಂದ, ದುಡಿಯಲು ಶಕ್ತರಾದ ಅನೇಕರು ಸರ್ಕಾರದ ಮನೆಗೆ ಕಾಯದೆ ಬಾಡಿಗೆ ಹಿಡಿದರು. ಕೆಲಸ ಮಾಡಲು ಬಿಡುವುದೂ ವಸತಿ ನೀತಿಯ ಭಾಗವೇ.

ಮನೆ ಯಾರ ಹೆಸರಿಗೆ ಆಗ್ತದೆ? ಹಕ್ಕುಪತ್ರ ಕೊಡ್ತಾರಾ?

ಹೆಚ್ಚಿನ ದೇಶಗಳಲ್ಲಿ ಮನೆ ಸರ್ಕಾರದ್ದೇ ಆಗಿರುತ್ತದೆ. ಇರುವವರಿಗೆ ಸಿಗುವುದು ವಾಸದ ಅನುಮತಿ. ಇದಕ್ಕೆ ಅಪವಾದವಾಗಿ ನಿಲ್ಲುವುದು ಫಿನ್ಲೆಂಡ್. ಕರೇಲಿಯಾ ಪ್ರದೇಶವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಾಗ ಅಲ್ಲಿಂದ ಬಂದ 4 ಲಕ್ಷಕ್ಕೂ ಹೆಚ್ಚು ಜನರಿಗೆ 1945ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಕೊಟ್ಟು, ಒಂದೇ ಬಗೆಯ ಮಾದರಿ ನಕ್ಷೆಗಳಿಂದ ಒಂದೂವರೆ ಅಂತಸ್ತಿನ ಮರದ ಮನೆಗಳನ್ನು ಕಟ್ಟಿಕೊಳ್ಳಲು ಅಲ್ಲಿನ ಸರ್ಕಾರ ನೆರವಾಯಿತು. ಅವರು ಅದೇ ದೇಶದ ಪ್ರಜೆಗಳಾಗಿದ್ದರು ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬಾರದು.

ನಮ್ಮಲ್ಲಿ ಪೌರತ್ವ ಇತ್ಯರ್ಥವಾಗುವವರೆಗೆ ಹಕ್ಕುಪತ್ರದ ಮಾತು ಬರುವುದಿಲ್ಲ, ಪೌರತ್ವಕ್ಕೆ ದಶಕಗಳೇ ಹಿಡಿಯಬಹುದು. ಆ ಅಂತರದಲ್ಲಿ ಕನಿಷ್ಠ ಮಾಡಬಹುದಾದದ್ದೆಂದರೆ, ಮನೆ ಮಂಜೂರಾದ ದಿನವೇ ಕುಟುಂಬದ ಹೆಸರು, ಮನೆ ಸಂಖ್ಯೆ, ವಾಸದ ಅವಧಿ, ಖಾಲಿ ಮಾಡಿಸಲು ಕೊಡಬೇಕಾದ ನೋಟಿಸಿನ ದಿನಗಳು, ಯಜಮಾನ ತೀರಿಹೋದರೆ ಹೆಂಡತಿಗೆ ವರ್ಗಾವಣೆಯಾಗುವ ನಿಯಮ ಇವಿಷ್ಟನ್ನು ಬರೆದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡುವ ಪತ್ರ. ಅದು ಆರ್‌ಟಿಸಿಯಾಗುವುದಿಲ್ಲ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಸುವ 94ಸಿ ಅರ್ಜಿಗೆ ಸಮನೂ ಅಲ್ಲ. ಆದರೆ ವಿದ್ಯುತ್ ಸಂಪರ್ಕಕ್ಕೂ ಮಗುವನ್ನು ಶಾಲೆಗೆ ಸೇರಿಸುವುದಕ್ಕೂ ವಿಳಾಸದ ದಾಖಲೆ ಅದೊಂದೇ ಆಗಿರುತ್ತದೆ.